ನೆಲಸಮವಾದ ದವಾಖಾನೆಯ ನೆನಪು

ಹಾಳೂರನ್ನು ವರ್ಣಿಸುವದು ಸಂಸ್ಕೃತ ಕವಿಗಳಿಗೆ ಹೊಸತಲ್ಲ. ರಘುವಂಶದ ಹದಿನಾರನೆಯ ಸರ್ಗದಲ್ಲಿ ಅಯೋಧ್ಯೆಯ ಅಧಿದೇವತೆಯು, ಗಂಡನು ಪರದೇಶಕ್ಕೆ ಹೋದ ಹೆಣ್ಣುಮಗಳ ವೇಷದಿಂದ, ನಡುರಾತ್ರಿಯಲ್ಲಿ ಕುಶನ ಶಯ್ಯಾಗೃಹಕ್ಕೆ ಬಂದು ತನ್ನ ದುಃಸ್ಥಿತಿಯನ್ನು ತೋಡಿಕೊಳ್ಳುವಳು. ಆ ಭಾಗವನ್ನು ಗಮನವಿಟ್ಟು ಓದಿದವರಿಗೆ ಒಂದು ಸಂಗತಿ ಹೊಳೆಯದೆ ಇರದು: ಅಲ್ಲಿ ಕವಿಯು ಒಂದು ಗೋಡೆಯ ಎತ್ತರವನ್ನಾಗಲಿ ಒಂದು ಉಪ್ಪರಿಗೆಯ ಅಗಲವನ್ನಾಗಲಿ ಹೇಳುವದಿಲ್ಲ. ಅಭಿಸಾರಿಕೆಯರು ನಡೆದ ಬೀದಿಯಲ್ಲಿ ನರಿಗಳು, ಜಲಕ್ರೀಡೆಯ ಬಾವಿಯಲ್ಲಿ ಕಾಡುಕೋಣಗಳು, ಅಲತಿಗೆಯ ಪಾದಗಳು ಇಳಿದ ಸೋಪಾನಗಳ ಮೇಲೆ ಹುಲಿಯ ಹೆಜ್ಜೆ—ಹೀಗೆ ಒಂದೊಂದು ಚಿತ್ರದಲ್ಲಿಯೂ ಹಿಂದೆ ಒಬ್ಬ ಮನುಷ್ಯಜೀವಿ ಇದ್ದಿತು, ಈಗ ಇಲ್ಲ. ಆ ಇಲ್ಲದಿರುವಿಕೆಯೇ ಅಲ್ಲಿಯ ಶೋಕಕ್ಕೆ ಆಲಂಬನ. ಕಲ್ಲುಮಣ್ಣುಗಳು ಉದ್ದೀಪನ ಮಾತ್ರ. ಈ ಒರೆಗಲ್ಲಿಗೆ ತಿಕ್ಕಿ ನೋಡಬೇಕಾದ ಒಂದು ಇಂಗ್ಲಿಷ್ ಗ್ರಂಥವುಂಟು.

ಫಿಲಿಪ್ ಹೋರ್ ಎಂಬವರ ‘ಸ್ಪೈಕ್ ಐಲಂಡ್’ ಎಂಬ ಈ ಗ್ರಂಥವು ೨೦೦೧ರಲ್ಲಿ ಪ್ರಕಟವಾಯಿತು. ಒಂದು ಲಷ್ಕರೀ ದವಾಖಾನೆಯ ನೆನಪು ಎಂಬುದು ಅದರ ಉಪಶೀರ್ಷಿಕೆ. ಇಂಗ್ಲಂಡದ ದಕ್ಷಿಣ ದಂಡೆಯಲ್ಲಿ, ಸೌತಾಂಪ್ಟನ್ ಬಂದರದ ಸಮೀಪ, ನೆಟ್ಲಿ ಎಂಬ ಊರಿನಲ್ಲಿದ್ದ ರಾಯಲ್ ವಿಕ್ಟೋರಿಯಾ ದವಾಖಾನೆಯೇ ಅದರ ವಸ್ತು. ಗ್ರಂಥಕಾರರು ೧೯೫೮ರಲ್ಲಿ ಸೌತಾಂಪ್ಟನ್ ಪಟ್ಟಣದಲ್ಲಿಯೇ ಹುಟ್ಟಿ, ಅದೇ ಸೀಮೆಯಲ್ಲಿ ಬೆಳೆದವರು. ಅವರು ಹುಟ್ಟಿದ ವರ್ಷದಲ್ಲಿಯೇ ಆ ದವಾಖಾನೆಯ ಮುಖ್ಯ ಕಟ್ಟೋಣಕ್ಕೆ ಬೀಗ ಬಿದ್ದಿತು. ೧೯೬೩ರಲ್ಲಿ ಬೆಂಕಿ ತಗಲಿತು. ೧೯೬೬ರಲ್ಲಿ ಅದನ್ನು ಕೆಡವಿ ನೆಲಸಮ ಮಾಡಲಾಯಿತು. ನಡುವಿನ ಪ್ರಾರ್ಥನಾಮಂದಿರವೊಂದು ತನ್ನ ಗುಮ್ಮಟದೊಡನೆ ಉಳಿದಿರುವದು. ಹೀಗೆ, ತಮ್ಮ ಬಾಲ್ಯದ ಕಣ್ಣೆದುರಿಗೇ ಮಾಯವಾದ ವಸ್ತುವನ್ನು ಕುರಿತು ನಡುವಯಸ್ಸಿನಲ್ಲಿ ಬರೆದ ಗ್ರಂಥವಿದು.

ದೂರದ ಈ ದವಾಖಾನೆಯಿಂದ ವಿಜಯಪುರದ ವಾಚಕರಿಗೆ ಆಗಬೇಕಾದುದೇನು ಎಂದು ಯಾರಾದರೂ ಕೇಳಬಹುದು. ೧೮೬೩ರಿಂದ ೧೯೦೨ರ ವರೆಗೆ ನೆಟ್ಲಿಯಲ್ಲಿ ದಂಡಿನ ವೈದ್ಯಶಾಲೆ ಇದ್ದಿತು. ಇಂಡಿಯನ್ ಮೆಡಿಕಲ್ ಸರ್ವಿಸಿಗೆ ಆರಿಸಿ ಬಂದ ವೈದ್ಯರು ಆ ಕಾಲದಲ್ಲಿ ಅಲ್ಲಿ ಪಾಠ ಮುಗಿಸಿ ಹಡಗು ಹತ್ತುತ್ತಿದ್ದರು. ರೊನಾಲ್ಡ್ ರಾಸ್ ೧೮೮೧ರಲ್ಲಿ ಅಲ್ಲಿ ಕಲಿತವನು. ಮುಂದೆ ಎರಡು ಮೂರು ವರ್ಷಗಳಲ್ಲಿ ಬೆಂಗಳೂರಿನ ತನ್ನ ಬಂಗಲೆಯ ಬಳಿಯ ನೀರಿನ ಪೀಪಾಯಿಯಲ್ಲಿ ಸೊಳ್ಳೆಯ ಮರಿಗಳನ್ನು ಕಂಡವನೂ, ೧೮೯೭ರಲ್ಲಿ ಸಿಕಂದರಾಬಾದಿನಲ್ಲಿ ಮಲೇರಿಯಾದ ಗುಟ್ಟನ್ನು ಹಿಡಿದವನೂ ಅವನೇ. ವಿಷಮಜ್ವರದ ಲಸಿಕೆಯನ್ನು ಆಲ್ಮ್ರಾತ್ ರೈಟ್ ಸಿದ್ಧಪಡಿಸಿದ್ದೂ ಆ ಶಾಲೆಯಲ್ಲಿಯೇ. ಇವೆಲ್ಲಕ್ಕಿಂತ ಹೆಚ್ಚಿನ ಸಂಬಂಧವೊಂದು ೧೯೧೪ರಲ್ಲಿ ಒದಗಿತು. ಅದನ್ನು ಮುಂದೆ ನೋಡಬಹುದು.

ಕಟ್ಟೋಣದ ಕಥೆಯೇ ಒಂದು ನೀತಿಪಾಠದಂತಿದೆ. ಕ್ರೈಮಿಯಾದ ಯುದ್ಧದಲ್ಲಿ ಗಾಯಕ್ಕಿಂತ ರೋಗದಿಂದ ಹೆಚ್ಚು ಸಿಪಾಯಿಗಳು ಸತ್ತರೆಂಬ ಅಪಕೀರ್ತಿಯನ್ನು ತೊಳೆದುಕೊಳ್ಳಲು, ೧೮೫೬ರ ಮೇ ೧೯ರಂದು ವಿಕ್ಟೋರಿಯಾ ರಾಣಿಯು ಶಿಲಾನ್ಯಾಸ ಮಾಡಿದಳು. ೧೮೬೩ರಲ್ಲಿ ರೋಗಿಗಳು ಬಂದರು. ಉದ್ದ ೧೪೨೪ ಅಡಿ, ಅಂದರೆ ಕಾಲು ಮೈಲಿಗೂ ಹೆಚ್ಚು. ಗೋಲಗುಮ್ಮಟದಂಥ ಆರು ಕಟ್ಟೋಣಗಳನ್ನು ಭುಜಕ್ಕೆ ಭುಜ ತಾಗಿಸಿ ನಿಲ್ಲಿಸಿದರೂ ಇನ್ನೂ ಸ್ಥಳ ಉಳಿಯುವದು. ೧೩೮ ಕೊಠಡಿಗಳು, ಸುಮಾರು ಸಾವಿರ ಹಾಸಿಗೆಗಳು. ಹಡಗಿನಿಂದ ನೋಡುವವರಿಗೆ ಅರಮನೆಯಂತೆ ಕಾಣಿಸಬೇಕೆಂಬ ಆಶೆಯಿಂದ, ಬಿಸಿಲೂ ಸಮುದ್ರದ ನೋಟವೂ ಇದ್ದ ಮುಂಬದಿಗೆ ಉದ್ದನೆಯ ಪಡಸಾಲೆಗಳನ್ನು ಎಳೆದು, ರೋಗಿಗಳ ಕೊಠಡಿಗಳನ್ನು ಬಿಸಿಲು ಸುಳಿಯದ ಹಿಂಬದಿಗೆ ತಳ್ಳಿದರು. ಅಂದರೆ ನೋಡುವವನಿಗೆ ಮುಂಬದಿ, ನರಳುವವನಿಗೆ ಹಿಂಬದಿ. ಫ್ಲಾರೆನ್ಸ್ ನೈಟಿಂಗೇಲ್ ಬಾಯಿಯು ಈ ನಕ್ಷೆಯನ್ನು ಕಂಡೊಡನೆ ಪ್ರತಿಭಟಿಸಿದಳು; ಗಾಳಿಬೆಳಕು ಎರಡೂ ಕಡೆಯಿಂದ ಬರುವಂತೆ ಬೇರೆ ಬೇರೆ ಮಂಟಪಗಳಾಗಿ ಕಟ್ಟಿದ ಪ್ಯಾರಿಸ್ಸಿನ ದವಾಖಾನೆಯನ್ನು ಮೇಲ್ಪಂಕ್ತಿಯಾಗಿ ತೋರಿಸಿದಳು. ಮುಖ್ಯಪ್ರಧಾನ ಪಾಮರ್‌ಸ್ಟನ್ನನೂ ಅವಳ ಮಾತಿಗೆ ತಲೆದೂಗಿದನು. ಆದರೆ ತಳಪಾಯ ಬಿದ್ದಿದೆ, ಹಣ ವೆಚ್ಚವಾಗಿದೆ ಎಂಬ ನೆಪ ಗೆದ್ದಿತು.

ಇಲ್ಲಿ ವೈದ್ಯಶಾಸ್ತ್ರವನ್ನು ಬಲ್ಲವರಿಗೆ ಚರಕನ ನೆನಪಾಗುವದು ಸಹಜ. ಸೂತ್ರಸ್ಥಾನದ ಹದಿನೈದನೆಯ ಅಧ್ಯಾಯದಲ್ಲಿ ಆತುರಗೃಹವು ಹೇಗಿರಬೇಕೆಂದು ಅವನು ವಿಧಿಸುವಾಗ, ಮನೆಯು ಗಟ್ಟಿಯಾಗಿರಬೇಕು, ಬಿರುಗಾಳಿ ನುಗ್ಗಬಾರದು, ಆದರೂ ಒಂದು ಕಡೆಯಿಂದ ಗಾಳಿಯಾಡುತ್ತಿರಬೇಕು, ಹೊಗೆ ಬಿಸಿಲು ಧೂಳುಗಳು ತಾಗಬಾರದು, ರೋಗಿಯು ಸುಖವಾಗಿ ಓಡಾಡುವಂತಿರಬೇಕು ಎನ್ನುವನು; ಹೊರಗಿನಿಂದ ಹೇಗೆ ಕಾಣಬೇಕೆಂಬ ಮಾತನ್ನೇ ಎತ್ತುವದಿಲ್ಲ. ಸುಶ್ರುತನ ಯುಕ್ತಸೇನೀಯಾಧ್ಯಾಯದಲ್ಲಿ ದಂಡಿನ ವೈದ್ಯನ ಬಿಡಾರದ ಮೇಲೆ ಎದ್ದು ಕಾಣುವ ಧ್ವಜವಿರಬೇಕೆಂದು ಹೇಳಿದೆ. ಆದರೆ ಅದು ಗಾಯಗೊಂಡವನು ಸುಲಭವಾಗಿ ದಾರಿ ಕಂಡುಕೊಳ್ಳಲೆಂದು, ಹಡಗಿನಲ್ಲಿ ಹೋಗುವ ಶ್ರೀಮಂತರು ಮೆಚ್ಚಲೆಂದಲ್ಲ. ನ್ಯಾಯಕ್ಕಾಗಿ ಇಷ್ಟನ್ನು ಹೇಳಬೇಕು: ವೈಶಾಖದ ಬಿಸಿಲಿನಲ್ಲಿ ಬೇಯುವ ವಿಜಯಪುರದಲ್ಲಿ ಬಿಸಿಲಿನ ಕಡೆಗೆ ಪಡಸಾಲೆಯನ್ನಿಟ್ಟು ಕೊಠಡಿಯನ್ನು ಹಿಂದಕ್ಕೆ ಸರಿಸಿದ್ದರೆ ಆ ಶಿಲ್ಪಿಯನ್ನು ಜಾಣನೆಂದು ಹೊಗಳಬಹುದಾಗಿತ್ತು. ಬಿಸಿಲೇ ಔಷಧವಾಗಿರುವ ಸೀಮೆಯಲ್ಲಿ ಅದು ದೋಷವಾಯಿತು. ದವಾಖಾನೆಯ ಮುಂದೆ ಕಟ್ಟಿದ ಹಡಗುಕಟ್ಟೆಯ ಗತಿಯೂ ಇದೇ. ದಂಡೆಯ ನೀರಿಗೆ ಆಳವಿಲ್ಲದುದರಿಂದ ಗಾಯಾಳುಗಳ ದೊಡ್ಡ ಹಡಗುಗಳು ಅಲ್ಲಿಗೆ ತಲುಪಲಿಲ್ಲ. ಕಡೆಗೆ ೧೯೦೦ರಲ್ಲಿ ರೇಲ್ವೆಯ ಹಾದಿಯನ್ನು ದವಾಖಾನೆಯ ಅಂಗಳದ ವರೆಗೆ ತರಬೇಕಾಯಿತು.

ಇವನ್ನೆಲ್ಲ ಹೋರ್ ಅವರು ಬಹಳ ಶ್ರಮವಹಿಸಿ ಕೂಡಿಹಾಕಿದ್ದಾರೆ. ಅವರ ಗದ್ಯಕ್ಕೆ ಒಂದು ಮಂದಗತಿಯ ಸೊಗಸುಂಟು. ಹಳೆಯ ಛಾಯಾಚಿತ್ರಗಳನ್ನು ಮಾತಿನ ನಡುವೆಯೇ ಸೇರಿಸಿ, ಸ್ವಂತ ಕುಟುಂಬದ ಕಥೆಯನ್ನೂ ಊರಿನ ಕಥೆಯನ್ನೂ ಹೆಣೆದು, ದವಾಖಾನೆಯ ಬಳಿಯಲ್ಲಿರುವ ೧೨೩೯ರ ಕ್ರೈಸ್ತ ಮಠದ ಹಾಳುಗಳಿಂದ ಕಥೆಯನ್ನು ಎತ್ತಿಕೊಳ್ಳುವರು. ಆ ಮಠದ ಕಲ್ಲುಗಳನ್ನು ಮಾರಲು ಕೊಂಡವನೊಬ್ಬನು ಕನಸಿನಲ್ಲಿ ಎಚ್ಚರಿಕೆ ಪಡೆದೂ ಕೇಳದೆ, ಅದೇ ಕಲ್ಲು ತಲೆಯ ಮೇಲೆ ಬಿದ್ದು ಸತ್ತನೆಂಬ ಐತಿಹ್ಯವು ಅಲ್ಲಿಯ ಜನರ ಬಾಯಲ್ಲಿದೆ. ಹದಿನೆಂಟನೆಯ ಶತಮಾನದ ರಸಿಕರು ಬೆಳದಿಂಗಳಿನಲ್ಲಿ ಆ ಹಾಳುಗಳನ್ನು ನೋಡಲು ದೋಣಿ ಮಾಡಿಕೊಂಡು ಬರುತ್ತಿದ್ದರು. ಹೀಗೆ ಹಾಳಿನ ರುಚಿಯನ್ನು ಮೊದಲು ಹತ್ತಿಸಿ, ಆಮೇಲೆ ದವಾಖಾನೆಯನ್ನು ಒಳತರುವ ಕ್ರಮವು ಕಥನದ ದೃಷ್ಟಿಯಿಂದ ಚಾತುರ್ಯದ್ದೇ.

ದೋಷವೂ ಅಲ್ಲಿಯೇ ಹುಟ್ಟುವದು. ಮಠದ ಹಾಳನ್ನು ನೋಡಿದ ಕಣ್ಣಿನಿಂದಲೇ ಗ್ರಂಥಕಾರರು ದವಾಖಾನೆಯನ್ನೂ ನೋಡತೊಡಗುವರು. ಅದರ ಉದ್ದ, ಅದರ ಕಿಟಕಿಗಳ ಸಂಖ್ಯೆ, ಅಂಚೆಯವನು ದಣಿಯುವಷ್ಟು ನೀಳವಾದ ಅದರ ಪಡಸಾಲೆಗಳು ಮತ್ತೆ ಮತ್ತೆ ಬರುವವು. ೧೯೪೪ರಲ್ಲಿ ಬಂದ ಅಮೇರಿಕದ ಸೈನಿಕರು ಆ ಪಡಸಾಲೆಗಳಲ್ಲಿ ಜೀಪು ಓಡಿಸಿದರೆಂಬ ಜನಜನಿತವಾದ ಮಾತಿನಂತಹವುಗಳಿಗೆ ಇಂಥ ಗ್ರಂಥದಲ್ಲಿ ಆದರ ಹೆಚ್ಚು. ಅಲ್ಲಿ ಹಾದುಹೋದ ಪ್ರಸಿದ್ಧರ ಮೆರವಣಿಗೆಯೂ ನಡೆಯುವದು: ೧೮೮೭ರ ಪತ್ತೇದಾರಿ ಕಾದಂಬರಿಯಲ್ಲಿ ಷರ್ಲಾಕ್ ಹೋಮ್ಸನ ಗೆಳೆಯ ಡಾಕ್ಟರ್ ವಾಟ್ಸನ್ ನೆಟ್ಲಿಯಲ್ಲಿ ಕಲಿತವನೆಂಬುದು, ಯುದ್ಧಕವಿ ವಿಲ್ಫ್ರೆಡ್ ಓವೆನ್ ೧೯೧೭ರಲ್ಲಿ ಕೆಲವು ದಿನ ಅಲ್ಲಿದ್ದನೆಂಬುದು, ಮನೋವೈದ್ಯ ಲೇಂಗ್ ೧೯೫೦ರ ದಶಕದ ಆರಂಭದಲ್ಲಿ ಅಲ್ಲಿ ಸೇವೆ ಮಾಡಿದನೆಂಬುದು. ವಾಟ್ಸನ್ನನು ಕಲ್ಪಿತ ಪುರುಷ. ಅಲ್ಲಿ ಉಸಿರು ಬಿಟ್ಟವರೋ ನಿಜವಾದವರು. ಕಲ್ಪಿತನ ಹೆಸರು ಎಲ್ಲರಿಗೂ ಗೊತ್ತು. ಇದರಲ್ಲಿ ಗ್ರಂಥಕಾರರ ತಪ್ಪು ಅಷ್ಟಾಗಿ ಇಲ್ಲವೆನ್ನಬಹುದು. ಆದರೆ ಈ ಅಸಮಾಧಾನವನ್ನು ವಾಚಕನ ಮನಸ್ಸಿನಲ್ಲಿ ಎಬ್ಬಿಸುವದೇ ಅವರ ಕೆಲಸವಾಗಿದ್ದಿತು. ಬದಲಾಗಿ ವಿಸ್ಮಯವೇ ಸ್ಥಾಯಿಯಾಗಿ ನಿಂತು, ಶೋಕವು ಅದರ ಹಿಂದೆ ಸಂಚಾರಿಯಂತೆ ಬಂದು ಹೋಗುವದು. ಯಾವ ನಕ್ಷೆಯನ್ನು ನೈಟಿಂಗೇಲಳ ಬಾಯಿಂದ ಖಂಡಿಸಿದರೋ ಅದೇ ನಕ್ಷೆಯ ಮೇಲೆ ಗ್ರಂಥದ ಅರ್ಧವನ್ನು ಕಟ್ಟಿದ್ದಾರೆ: ವಾಚಕನಿಗೆ ಸಮುದ್ರದ ಕಡೆಯ ಪಡಸಾಲೆ, ರೋಗಿಗೆ ಹಿಂಬದಿಯ ಕೊಠಡಿ.

ಉಪಶೀರ್ಷಿಕೆಯಲ್ಲಿರುವ ಷಷ್ಠೀ ವಿಭಕ್ತಿಯನ್ನು ಇಲ್ಲಿ ವಿಚಾರಿಸಬೇಕು. ‘ದವಾಖಾನೆಯ ನೆನಪು’ ಎಂದಾಗ ಎರಡು ಅರ್ಥಗಳು ಹೊರಡುವವು. ದವಾಖಾನೆಯನ್ನು ಯಾರೋ ನೆನೆಯುವರು ಎಂಬುದು ಒಂದು. ಅದು ಕರ್ಮಣಿ ಷಷ್ಠೀ. ದವಾಖಾನೆಯೇ ನೆನೆಯುವದು, ತನ್ನ ಹಾಸಿಗೆಗಳ ಮೇಲೆ ಮಲಗಿದವರನ್ನು ಅದು ಮರೆಯಲಾರದು ಎಂಬುದು ಇನ್ನೊಂದು. ಅದು ಕರ್ತರಿ ಷಷ್ಠೀ. ಹೆಸರಿಟ್ಟವರಿಗೆ ಎರಡೂ ಬೇಕಾಗಿದ್ದವೆಂದು ತೋರುವದು. ಮೊದಲ ಭಾಗದಲ್ಲಿ ಕರ್ಮಣಿಯೇ ಹೆಚ್ಚು. ಆದರೆ ಗ್ರಂಥದ ಉತ್ತರಾರ್ಧದಲ್ಲಿ, ೧೮೭೦ರಲ್ಲಿ ಹಿಂಬದಿಯಲ್ಲಿ ಕಟ್ಟಿದ ಹುಚ್ಚರ ವಿಭಾಗದ ಬಾಗಿಲು ತೆರೆದಾಗ, ಷಷ್ಠಿಯ ಅರ್ಥ ತಿರುಗುವದು. ಕೃತಿಯೂ ಏಕಾಏಕಿ ದೊಡ್ಡದಾಗುವದು.

ಮೊದಲನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಆರ್ಥರ್ ಹರ್ಸ್ಟ್ ಎಂಬ ವೈದ್ಯನು ತೋಪಿನ ಸಪ್ಪಳದಿಂದ ಮನಸ್ಸು ಕದಡಿದ ಸಿಪಾಯಿಗಳನ್ನು ನೆಟ್ಲಿಯಲ್ಲಿಯೂ ಆಮೇಲೆ ಡೆವನ್ ಪ್ರಾಂತದಲ್ಲಿಯೂ ಉಪಚರಿಸಿ, ಅವರ ಚಲಚ್ಚಿತ್ರವನ್ನು ತೆಗೆಯಿಸಿದನು. ಒಬ್ಬನಿಗೆ ಮೈಯೆಲ್ಲ ನಡುಕ. ಒಬ್ಬನಿಗೆ ಕಾಲು ಊರಲು ಬಾರದು. ಒಬ್ಬನ ಮುಖ ಸೆಟೆದುಕೊಂಡಿದೆ. ಮತ್ತೊಬ್ಬನಿಗೆ ಯಾವ ಮಾತೂ ಕೇಳಿಸದು, ಆದರೆ ‘ಬಾಂಬು’ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಮಂಚದ ಕೆಳಗೆ ನುಸುಳುವನು. ಭರತನು ಸಾತ್ತ್ವಿಕಭಾವಗಳನ್ನು ಎಂಟು ಎಂದು ಎಣಿಸಿದ್ದಾನೆ. ಸ್ತಂಭ, ವೇಪಥು, ಸ್ವರಭಂಗ, ವೈವರ್ಣ್ಯ ಮೊದಲಾದವು. ನಟನು ಮನಸ್ಸನ್ನು ಏಕಾಗ್ರಗೊಳಿಸಿ ಅವನ್ನು ತಂದುಕೊಳ್ಳಬೇಕು, ಅವುಗಳ ಮೂಲಕ ಪ್ರೇಕ್ಷಕನು ಸ್ಥಾಯಿಭಾವವನ್ನು ತಲುಪಬೇಕು ಎಂಬುದು ಶಾಸ್ತ್ರ. ನೆಟ್ಲಿಯ ಸಿಪಾಯಿಗಳ ಮೈಮೇಲೆ ಆ ಭಾವಗಳಲ್ಲಿ ಹಲವು ಏಕಕಾಲಕ್ಕೆ ಕಂಡುಬಂದವು. ಆದರೆ ಅವರು ನಟರಲ್ಲ. ಮನಸ್ಸು ಏಕಾಗ್ರವಾದುದರಿಂದಲ್ಲ, ಛಿದ್ರವಾದುದರಿಂದ ಬಂದ ಭಾವಗಳಿವು. ಇನ್ನೂ ಕಠಿಣವಾದ ಮಾತೊಂದುಂಟು. ಗುಣವಾಗುವ ಮೊದಲಿನ ಸ್ಥಿತಿಯೆಂದು ತೋರಿಸಿದ ಕೆಲವು ದೃಶ್ಯಗಳನ್ನು, ಗುಣವಾದ ಬಳಿಕ ಆ ಸಿಪಾಯಿಗಳಿಂದಲೇ ಮತ್ತೊಮ್ಮೆ ಆಡಿಸಿ ಹಿಡಿದಿರಬೇಕೆಂದು ಮುಂದಿನ ಇತಿಹಾಸಜ್ಞರು ಹೇಳಿರುವರು. ಹಾಗಿದ್ದರೆ ತನ್ನ ನರಕವನ್ನು ತಾನೇ ಅಭಿನಯಿಸಿ ತೋರಿಸುವ ಕೆಲಸ ಅವನ ಪಾಲಿಗೆ ಬಂದಿತು. ಇದನ್ನು ನೋಡುವವನಿಗೆ ಆಗುವದು ರಸಾಸ್ವಾದವೇ? ಅಲ್ಲವೆನ್ನದೆ ಗತ್ಯಂತರವಿಲ್ಲ. ಕರುಣರಸದಲ್ಲಿಯೂ ಆನಂದವುಂಟೆಂದು ಆಲಂಕಾರಿಕರು ಹೇಳಿದುದು, ವಿಭಾವಾದಿಗಳು ಲೋಕದಿಂದ ಬೇರ್ಪಟ್ಟು ಸಾಧಾರಣವಾದಾಗಿನ ಮಾತು. ಇಲ್ಲಿ ಆ ಬೇರ್ಪಾಟು ನಡೆಯುವದಿಲ್ಲ; ಮಂಚದ ಕೆಳಗಿನ ಮನುಷ್ಯನು ಆ ಮನುಷ್ಯನೇ ಆಗಿ ಉಳಿಯುವನು. ಹೋರ್ ಅವರು ಈ ಪುಟಗಳಲ್ಲಿ ತಮ್ಮ ಅಲಂಕಾರಗಳನ್ನು ಬದಿಗಿಟ್ಟು, ಕಂಡುದನ್ನು ಕಂಡಂತೆ ಹೇಳುವರು. ಉದ್ದಗಲಗಳ ಲೆಕ್ಕವಿಲ್ಲ, ಐತಿಹ್ಯವಿಲ್ಲ. ಇಡೀ ಗ್ರಂಥದಲ್ಲಿ ಕಾಳಿದಾಸನ ಒರೆಗಲ್ಲಿನ ಮೇಲೆ ಗೆರೆ ಮೂಡಿಸುವ ಭಾಗ ಇದೇ.

ಈಗ ೧೯೧೪ರ ಮಾತು. ಫ್ರಾನ್ಸಿನ ರಣಭೂಮಿಯಲ್ಲಿ ಗಾಯಗೊಂಡ ಭಾರತೀಯ ಸಿಪಾಯಿಗಳನ್ನು ಆ ವರ್ಷದ ಶರತ್ಕಾಲದಲ್ಲಿ ನೆಟ್ಲಿಗೆ ತಂದರು. ಆಗ ಲಂಡನ್ನಿನಲ್ಲಿದ್ದ ಗಾಂಧೀಜಿಯವರು ಭಾರತೀಯ ವಿದ್ಯಾರ್ಥಿಗಳನ್ನೂ ಇತರರನ್ನೂ ಕೂಡಿಸಿ ಶುಶ್ರೂಷೆಯ ತಂಡವೊಂದನ್ನು ಕಟ್ಟಿದ್ದರು. ತಂಡದ ಮೇಲೆ ನೇಮಿಸಲ್ಪಟ್ಟ ನಾಯಕರ ವಿಷಯದಲ್ಲಿ ಅಧಿಕಾರಿಗೂ ತಂಡದವರಿಗೂ ವ್ಯಾಜ್ಯ ಹುಟ್ಟಿ, ಅದು ಚಿಕ್ಕದೊಂದು ಸತ್ಯಾಗ್ರಹದ ವರೆಗೆ ಹೋಯಿತು. ಅಷ್ಟರಲ್ಲಿ ನೆಟ್ಲಿಗೆ ಗಾಯಾಳುಗಳ ದೊಡ್ಡ ಗುಂಪು ಬಂದುದರಿಂದ, ಗಾಂಧೀಜಿಯವರು ತಾವು ಪಕ್ಕೆನೋವಿನಿಂದ ಹಾಸಿಗೆ ಹಿಡಿದಿದ್ದರೂ ತಂಡದವರ ಮನವೊಲಿಸಿ ಅಲ್ಲಿಗೆ ಕಳಿಸಿದರು. ಅವರ ಆತ್ಮಕಥೆಯ ನಾಲ್ಕನೆಯ ಭಾಗದಲ್ಲಿ ಈ ವೃತ್ತಾಂತವಿದೆ. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕನ್ನಡ ಅನುವಾದದ ಮೂಲಕ ಅದು ಕನ್ನಡಿಗರಿಗೆ ಪರಿಚಿತವೇ. ಆದರೂ ಆ ಪುಟಗಳನ್ನು ಓದಿದವರಲ್ಲಿ ನೆಟ್ಲಿ ಎಂಬ ಹೆಸರನ್ನು ಲಕ್ಷ್ಯದಲ್ಲಿಟ್ಟವರು ವಿರಳ. ಮಾನದ ಪ್ರಶ್ನೆಯಲ್ಲಿ ಕಿಂಚಿತ್ತೂ ಸಡಿಲಬಿಡದ ಆ ಪುರುಷನು ರೋಗಿಯ ಹಾಸಿಗೆಯ ಮುಂದೆ ಅದನ್ನು ಬದಿಗೆ ಸರಿಸಿದನಲ್ಲ, ಆ ಒಂದು ಸಂಗತಿ ಆ ದವಾಖಾನೆಯ ನೆನಪಿನಲ್ಲಿ ಅದರ ಗುಮ್ಮಟಕ್ಕಿಂತ ಎತ್ತರದ್ದು.

ಆ ಕಾಲದ ಭಾರತೀಯ ಸಿಪಾಯಿಗಳ ಓಲೆಗಳನ್ನು ಸರಕಾರದ ಪರಿಶೀಲಕರು ತೆರೆದು ಓದಿ, ಬೇಕಾದ ಭಾಗಗಳನ್ನು ಇಂಗ್ಲಿಷಿಗೆ ತಿರುಗಿಸಿ ಇಟ್ಟುಕೊಂಡಿದ್ದರು. ಅವುಗಳಲ್ಲಿ ಆಯ್ದವನ್ನು ಡೇವಿಡ್ ಒಮಿಸ್ಸಿ ೧೯೯೯ರಲ್ಲಿ ಗ್ರಂಥರೂಪದಿಂದ ಪ್ರಕಟಿಸಿದನು. ಇಂಗ್ಲಂಡದ ದವಾಖಾನೆಗಳಿಂದ ಮನೆಗೆ ಬರೆದ ಓಲೆಗಳೂ ಅದರಲ್ಲಿವೆ. ಯಾವ ತಾಯಿನುಡಿಯಲ್ಲಿ ಆ ಜನರು ನೋವನ್ನು ಹೇಳಿಕೊಂಡರೋ ಆ ನುಡಿ ಬಹುಮಟ್ಟಿಗೆ ನಷ್ಟವಾಗಿ, ಗೂಢಚಾರನ ಅನುವಾದವೇ ಮೂಲದ ಸ್ಥಾನದಲ್ಲಿ ಕುಳಿತಿದೆ. ಹೋರ್ ಅವರ ಗ್ರಂಥವನ್ನು ಓದುವ ಭಾರತೀಯನು ಈ ಓಲೆಗಳನ್ನು ಎಡಗೈಯಲ್ಲಿ ಹಿಡಿದುಕೊಂಡೇ ಓದತಕ್ಕದ್ದು. ಆಗಲೇ ಹಿಂಬದಿಯ ಕೊಠಡಿಗೆ ಬೆಳಕು ಬೀಳುವದು.

ಕೆಡವುವ ಪ್ರಕರಣವು ಚಿಕ್ಕದಾದರೂ ಸ್ವಾರಸ್ಯವಾಗಿದೆ. ೧೯೬೬ರ ದಶಂಬರದಲ್ಲಿ ಶಿಲಾನ್ಯಾಸದ ಕಲ್ಲನ್ನು ಎತ್ತಿದಾಗ ಅದರ ಕೆಳಗೆ ರಾಣಿಯು ಇಡಿಸಿದ್ದ ಪೆಟ್ಟಿಗೆ ಸಿಕ್ಕಿತು. ನಾಣ್ಯಗಳು, ಕಟ್ಟೋಣದ ನಕ್ಷೆ, ಕ್ರೈಮಿಯಾದ ಪದಕ, ಮತ್ತು ಆಗಿನ್ನೂ ಹೊಸದಾಗಿದ್ದ ವಿಕ್ಟೋರಿಯಾ ಕ್ರಾಸ್ ಪದಕವೊಂದು. ಯಾರ ಎದೆಯ ಮೇಲೂ ಏರದೆ, ನೂರಹತ್ತು ವರ್ಷ ಮಣ್ಣಿನಲ್ಲಿ ಮಲಗಿದ್ದ ಶೌರ್ಯಪದಕ! ಇದಕ್ಕೆ ವ್ಯಾಖ್ಯಾನ ಬೇಡ. ೧೯೮೦ರಲ್ಲಿ ಆ ಜಾಗವು ಸಾರ್ವಜನಿಕ ಉದ್ಯಾನವಾಯಿತು. ಪ್ರಾರ್ಥನಾಮಂದಿರವನ್ನು ೨೦೧೮ರಲ್ಲಿ ದುರಸ್ತಿ ಮಾಡಿ ತೆರೆದರು. ಹಿಂದಿನ ಗುಡ್ಡದಲ್ಲಿ ದಂಡಿನ ಸ್ಮಶಾನವು ಉಳಿದಿದೆ.

ಇಷ್ಟು ದೂರದ ಕೃತಿಯನ್ನು ಇಷ್ಟು ಬಿಗಿಯಾಗಿ ಪರೀಕ್ಷಿಸಲು ಕಾರಣವುಂಟು. ವಿಜಯಪುರವೂ ಹಾಳುಗಳ ನಡುವೆ ಬದುಕಿದ ಪಟ್ಟಣ. ೧೬೮೬ರ ಪತನದ ಬಳಿಕ ಶೂನ್ಯವಾದ ಈ ಊರಿಗೆ ೧೮೮೫ರಲ್ಲಿ ಕಲಾದಗಿಯಿಂದ ಜಿಲ್ಲೆಯ ಕಚೇರಿಗಳು ಬಂದಾಗ, ಆದಿಲಶಾಹಿಯ ಮಹಲುಗಳೇ ಕಚೇರಿಗಳಾದವು. ಒಂದು ಮಸೀದಿ ಅಂಚೆಯ ಮನೆಯಾಯಿತು, ಇನ್ನೊಂದು ಪ್ರವಾಸಿಗಳ ಬಂಗಲೆಯಾಯಿತು. ಲಾರ್ಡ್ ಕರ್ಜನ್ನನು ಬಂದು ನೋಡಿ ಅವನ್ನು ತೆರವು ಮಾಡಿಸಬೇಕಾಯಿತು. ಹೆನ್ರಿ ಕಸಿನ್ಸನು ೧೯೧೬ರಲ್ಲಿ ಈ ಕಟ್ಟೋಣಗಳನ್ನು ಅಳೆದು ಬರೆದ ಗ್ರಂಥವು ಅಳತೆಯ ಗ್ರಂಥವಾಗಿಯೇ ಶ್ರೇಷ್ಠವಾಗಿದೆ. ಅದರಿಂದ ಬೇರೇನನ್ನೂ ಅಪೇಕ್ಷಿಸಲಾಗದು. ತೊಡಕು ಬರುವದು ಅನಂತರದವರಲ್ಲಿ. ಸ್ಮೃತಿಯೆಂಬ ಹೆಸರಿಟ್ಟು ಬರೆಯುವವರೂ ಗುಮ್ಮಟದ ಒಳವ್ಯಾಸ ೧೨೪ ಅಡಿ, ಪಿಸುಮಾತಿಗೆ ಇಷ್ಟು ಸಲ ಪ್ರತಿಧ್ವನಿ ಎಂಬಲ್ಲಿಗೆ ನಿಂತುಬಿಡುವರು. ಕಲ್ಲು ಹೊತ್ತವರು, ಮುತ್ತಿಗೆಯಲ್ಲಿ ಹಸಿದವರು, ಬಾರಾಕಮಾನು ಅರ್ಧಕ್ಕೆ ನಿಂತ ದಿನ ಕೂಲಿ ತಪ್ಪಿದವರು ಆ ಬರಹಗಳಲ್ಲಿ ಸುಳಿಯುವದಿಲ್ಲ.

ದವಾಖಾನೆಯ ಮಾತಿಗೇ ಬಂದರೆ, ಮುಂಬಯಿಯ ಪ್ರಸಿದ್ಧ ವಸ್ತುಸಂಗ್ರಹಾಲಯದ ಕಟ್ಟೋಣವು ೧೯೨೨ರಲ್ಲಿ ಸಾರ್ವಜನಿಕರಿಗೆ ತೆರೆಯುವ ಮೊದಲು, ಮಹಾಯುದ್ಧದ ಕಾಲದಲ್ಲಿ ಲಷ್ಕರೀ ದವಾಖಾನೆಯಾಗಿದ್ದಿತು. ದಖನ್ನಿನಿಂದಲೂ ಕೊಂಕಣದಿಂದಲೂ ಭರ್ತಿಯಾದ ಮರಾಠಾ ಪಲ್ಟನ್ನುಗಳು ಆ ಯುದ್ಧದಲ್ಲಿ ಮೆಸೊಪೊಟೇಮಿಯದಲ್ಲಿ ಕಾದವು. ೧೯೧೬ರ ಏಪ್ರಿಲಿನಲ್ಲಿ ಶರಣಾದ ಕೂತ್ ಪಟ್ಟಣದ ಮುತ್ತಿಗೆಯಲ್ಲಿಯೂ ಅವು ಇದ್ದವು. ಮುಂಬಯಿಗೆ ಹೋದಾಗ ಆ ಸಂಗ್ರಹಾಲಯದ ಶಿಲ್ಪಗಳನ್ನು ನೋಡಿ ಬರುವ ತಿಕೋಟಾ, ಬಬಲೇಶ್ವರದ ಜನರಲ್ಲಿ, ತಾವು ನಿಂತ ನೆಲದ ಮೇಲೆ ಹಿಂದೆ ಹಾಸಿಗೆಗಳ ಸಾಲಿದ್ದಿತೆಂದು ಬಲ್ಲವರೆಷ್ಟು ಜನ? ಅಲ್ಲಿಯ ಕಟ್ಟೋಣ ಉಳಿದಿದೆ, ನೆನಪು ಕೆಡವಲ್ಪಟ್ಟಿದೆ. ನೆಟ್ಲಿಯಲ್ಲಿ ಇದು ತಿರುವುಮುರುವಾಯಿತು. ಗ್ರಂಥವೊಂದು ಬರೆಯಲ್ಪಟ್ಟುದೇ ಈ ಅಂತರಕ್ಕೆ ಕಾರಣವಾದುದರಿಂದ, ದೋ‌ಷಗಳನ್ನೆಲ್ಲ ಎಣಿಸಿದ ಮೇಲೂ ಹೋರ್ ಅವರಿಗೆ ಕೃತಜ್ಞತೆ ಸಲ್ಲತಕ್ಕದ್ದು.

ತಿಕೋಟಾ ಬಬಲೇಶ್ವರಗಳು ಈಗ ತಾಲೂಕಿನ ಊರುಗಳಾಗಿವೆ. ತಾಲೂಕಾದ ಊರಿಗೆ ಹೊಸ ಕಚೇರಿಗಳು ಬರುವವು, ಹಳೆಯ ಕಟ್ಟೋಣಗಳಿಗೆ ಗುದ್ದಲಿ ಬೀಳುವದೂ ಲೋಕರೂಢಿಯೇ. ಅಂಥದೊಂದು ಹಳೆಯ ದವಾಖಾನೆಯನ್ನೋ ಚಾವಡಿಯನ್ನೋ ಕುರಿತು ಬರೆಯಹೊರಡುವ ತರುಣನು ಈ ಗ್ರಂಥವನ್ನು ಓದುವದಾದರೆ ಉತ್ತರಾರ್ಧದಿಂದ ಮೊದಲುಮಾಡಲಿ. ಗೋಡೆಯ ಉದ್ದವನ್ನು ಬಾಂಧಕಾಮ ಖಾತೆಯ ದಫ್ತರದಲ್ಲಿ ಯಾವಾಗಲಾದರೂ ನೋಡಿಕೊಳ್ಳಬಹುದು; ಗಾಯ ತೊಳೆದವಳೂ, ಔಷಧ ಅರೆದವನೂ, ಬಾಗಿಲಲ್ಲಿ ಕುಳಿತು ಚೀಟಿ ಬರೆದವನೂ ಬದುಕಿರುವ ವರೆಗೆ ಮಾತ್ರ ಸಿಕ್ಕುವರು.

ಕನ್ನಡಕ್ಕೆ ಇದನ್ನು ಅನುವಾದಿಸುವ ಸಾಹಸವನ್ನು ಯಾರಾದರೂ ಮಾಡುವದಾದರೆ, ಮಠದ ಹಾಳಿನ ಪ್ರಕರಣವನ್ನು ಮೂರರಲ್ಲೊಂದು ಪಾಲಿಗೆ ಇಳಿಸಬಹುದು. ಕನ್ನಡ ವಾಚಕನಿಗೆ ಹಾಳಿನ ರುಚಿಯನ್ನು ಹತ್ತಿಸಬೇಕಾದ ಅವಶ್ಯಕತೆಯಿಲ್ಲ. ಗಾಂಧೀಜಿಯವರ ನೆಟ್ಲಿಯ ವೃತ್ತಾಂತವನ್ನೂ ಸಿಪಾಯಿಗಳ ಓಲೆಗಳಲ್ಲಿ ಕೆಲವನ್ನೂ ಪರಿಶಿಷ್ಟದಲ್ಲಿ ಸೇರಿಸುವದು ಉಚಿತ. ಉಪಶೀರ್ಷಿಕೆಯನ್ನು ಮಾತ್ರ ತಿದ್ದಬಾರದು. ಷಷ್ಠಿಯ ಎರಡೂ ಅರ್ಥಗಳು ಕನ್ನಡದಲ್ಲಿಯೂ ಹಾಗೆಯೇ ನಿಲ್ಲುವವು.